ಮಿಸ್ ಒಡೆಸಾ ಹೊರಗೆ ಕೂತಿದ್ದರು

ಬಂಟ್ವಾಳದಿಂದ ಹೊರಟದ್ದು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಎತ್ತರದ ಕಟ್ಟಡಗಳ ಬಗ್ಗೆ. ನಾನು ಅಲ್ಲಿ ಆರು ವಾರ ಇದ್ದೆ. ನೋಡಿದ ಅತಿ ಎತ್ತರದ ಕಟ್ಟಡವೆಂದರೆ ಒಂದು ಜೋಳದ ಗೋದಾಮು. ಉಳಿದ ಹೊತ್ತೆಲ್ಲ ಒಂದು ಅಡುಗೆಮನೆಯಲ್ಲಿ, ಒಂದು ಬಸ್ ನಿಲ್ದಾಣದಲ್ಲಿ ಮತ್ತು ಒಂದು ಕಾರಿಡಾರಿನ ಬೆಂಚಿನ ಮೇಲೆ ಕಳೆಯಿತು. ಕೇಳಿದವರಿಗೆ ನಿರಾಸೆಯಾಗುತ್ತದೆಂದು ಗೊತ್ತು. ಆದರೆ ನನ್ನ ಪ್ರವಾಸ ಇದ್ದದ್ದೇ ಅಷ್ಟು.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು, ಜೊತೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಬೆಳ್ತಂಗಡಿಯ ಆಚೆಯ ಕಕ್ಕಿಂಜೆಯಿಂದ, ಇತ್ತ ವಿಟ್ಲ, ಕನ್ಯಾನದ ಕಡೆಯಿಂದ ಮೊದಲ ಸಲ ಮನೆ ಬಿಟ್ಟು ಬಂದ ಹುಡುಗಿಯರು ನನ್ನ ಕೈಕೆಳಗೆ ಇರುತ್ತಿದ್ದರು. ಯಾರಿಗೆ ಜ್ವರ, ಯಾರು ಊಟ ಬಿಟ್ಟರು, ಯಾರು ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆ ನಿಂತಿದ್ದರು, ಎಲ್ಲವೂ ನನಗೆ ಸಂಜೆಯೊಳಗೆ ತಿಳಿಯುತ್ತಿತ್ತು. ಮರುದಿನವೇ ಮನೆಗೆ ಕಾಗದ ಹೋಗುತ್ತಿತ್ತು. ಹುಡುಗಿಯರು ಹಿಂದಿನಿಂದ ನನ್ನನ್ನು ಸಿ.ಐ.ಡಿ. ಎಂದು ಕರೆಯುತ್ತಿದ್ದದ್ದೂ ನನಗೆ ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ತೊಂಬತ್ತರ ದಶಕ ಮುಗಿಯಲು ಬಂದಿದ್ದ ವರ್ಷ ಒಂದು ಸೇವಾ ಸಂಸ್ಥೆಯವರು ಅಧ್ಯಾಪಕ ವಿನಿಮಯಕ್ಕೆ ನನ್ನನ್ನು ಆರಿಸಿದರು. ಒಹಾಯೊ ರಾಜ್ಯದ ಒಂದು ಸಣ್ಣ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕ್ಷೇಮಪಾಲನೆ ಹೇಗೆ ನಡೆಯುತ್ತದೆಂದು ನೋಡಿ ಬರಬೇಕು. ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗಂಡ ಹಂಝ ಸುದ್ದಿ ಕೇಳಿ ಮೀಟರು ಅಳೆಯುವುದನ್ನು ನಿಲ್ಲಿಸಿದರು. "ಹೋಗಿ ಬಾ. ಆದರೆ ಅಲ್ಲಿಯ ಹುಡುಗಿಯರಿಗೂ ವಾರ್ಡನ್ ಆಗ್ಬೇಡ ಮಾರಾಯ್ತಿ" ಎಂದರು. ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಾನು ಮಾತ್ರ ನಗಲಿಲ್ಲ.

ಅತ್ತೆ ಐದು ಕವರಿನೊಳಗೆ ಸುತ್ತಿ ಒಣ ಸಿಗಡಿ ಕಟ್ಟಿಕೊಟ್ಟಿದ್ದರು. ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಒಂದು ಮುದ್ದಾದ ನಾಯಿ ಬಂದು ನನ್ನ ಪೆಟ್ಟಿಗೆಯ ಪಕ್ಕ ಕೂತುಬಿಟ್ಟಿತು. ನಾನು ಹೆದರಿ ಚಪ್ಪಲಿ ಬಿಟ್ಟು ಹಿಂದೆ ಸರಿದೆ. ಕೈಗೆ ಗ್ಲೌಸು ಹಾಕಿಕೊಂಡ ಅಧಿಕಾರಿ ಅತ್ತೆಯ ಗಂಟನ್ನು ಒಂದೊಂದೇ ಕವರು ಬಿಚ್ಚಿ ನೋಡಿದ. ಐದನೆಯದು ಬಿಚ್ಚಿದಾಗ ಅವನ ಮುಖ ನೋಡಬೇಕಿತ್ತು. ಸಿಗಡಿ ಅಲ್ಲೇ ಉಳಿಯಿತು. ತೆಂಗಿನೆಣ್ಣೆಯ ಬಾಟಲಿ ಮಾತ್ರ ನನ್ನ ಜೊತೆ ಮುಂದಕ್ಕೆ ಬಂತು.

ಕಂಪೌಂಡಿಲ್ಲದ ಊರು

ನನ್ನನ್ನು ಕರೆದೊಯ್ಯಲು ಬಂದವರು ಆ ಕಾಲೇಜಿನ ಡೀನ್. ಹೆಸರು ಒಡೆಸಾ. ಅರವತ್ತರ ಆಸುಪಾಸಿನ ಕಪ್ಪು ಹೆಂಗಸು. ದಪ್ಪ ಕೋಟು, ನಡಿಗೆಯಲ್ಲಿ ಸಣ್ಣ ಕುಂಟು. ವಿದ್ಯಾರ್ಥಿಗಳು ಅವರನ್ನು ಮಿಸ್ ಒಡೆಸಾ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಆರು ವಾರ ನಾನು ಉಳಿದದ್ದು ಅವರ ಮನೆಯಲ್ಲಿ. ಅವರ ಇಂಗ್ಲಿಷನ್ನು ಇಲ್ಲಿ ನಮ್ಮ ಊರಿನ ಕನ್ನಡದಲ್ಲೇ ಬರೆಯುತ್ತೇನೆ, ಯಾಕೆಂದರೆ ನನಗದು ಹಾಗೆಯೇ ಕೇಳಿಸಿತು.

ಊರು ಚೊಕ್ಕವಾಗಿತ್ತು. ಮನೆಗಳಿಗೆ ಕಂಪೌಂಡ್ ಇಲ್ಲ, ಗೇಟಿಲ್ಲ. ಆದರೂ ಯಾರೂ ಯಾರ ಅಂಗಳಕ್ಕೂ ಕಾಲಿಡುವುದಿಲ್ಲ. ನಮ್ಮಲ್ಲಿ ಮುಳ್ಳಿನ ಬೇಲಿ ಹಾಕಿದರೂ ನೆರೆಮನೆಯವರು ಸಂದಿಯಿಂದ ಬಂದು ಕರಿಬೇವು ಕೇಳುತ್ತಾರೆ. ಅಲ್ಲಿ ಬೀದಿಯುದ್ದಕ್ಕೂ ಜನರೇ ಕಾಣಿಸುತ್ತಿರಲಿಲ್ಲ, ಬರೀ ಮೇಪಲ್ ಮರದ ಕೆಂಪು ಎಲೆಗಳು.

ಎಲೆ ಕಂಡರೆ ಗುಡಿಸದೆ ಇರುವ ಅಭ್ಯಾಸ ನನಗಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೊರಗಿದ್ದ, ಎಲೆ ಬಾಚುವ ಉದ್ದ ಹಿಡಿಯ ಹಲ್ಲುಪೊರಕೆ ತೆಗೆದುಕೊಂಡು, ಸೀರೆ ಎತ್ತಿ ಸಿಕ್ಕಿಸಿ, ತಲೆಗೆ ಬಟ್ಟೆ ಕಟ್ಟಿ, ಇಡೀ ಅಂಗಳ ಗುಡಿಸಿದೆ. ಎದುರುಮನೆಯ ಬಿಳಿಯ ಹೆಂಗಸು ಮೊದಲ ಸಲ ಹೊರಗೆ ಬಂದು ಬಹಳ ವಿನಯದಿಂದ, ಗುರುವಾರ ತಮ್ಮ ಮನೆಗೂ ಬರಲು ಬಿಡುವುಂಟೇ ಎಂದು ವಿಚಾರಿಸಿದಳು. ಆಮಂತ್ರಣವೆಂದುಕೊಂಡು ನಾನು ಆಗಲಿ ಎಂದೆ. ಸಂತೋಷದಿಂದ ಒಳಗೆ ಬಂದು ಮಿಸ್ ಒಡೆಸಾಗೆ ಹೇಳಿದೆ. ಎದುರುಮನೆಯವಳು ನನ್ನನ್ನು ಕೂಲಿಗೆ ಗುಡಿಸುವವಳೆಂದುಕೊಂಡಿದ್ದಾಳೆಂದು ಅವರಿಗೆ ಅರ್ಥವಾಗಿ, ಕುರ್ಚಿ ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ತಮ್ಮ ಕತೆ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಆ ಕಾಲೇಜಿನ ಕಚೇರಿಯಲ್ಲಿ ಮೇಜು ಸಿಕ್ಕಿದ ಮೊದಲ ಕಪ್ಪು ವ್ಯಕ್ತಿ ಅವರು. ಅದಕ್ಕೆ ಮೊದಲು ಅಲ್ಲಿದ್ದ ಕಪ್ಪು ಜನರೆಲ್ಲ ಅಡುಗೆಯವರು, ನೆಲ ಒರೆಸುವವರು. ಮೊದಲ ವರ್ಷ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಂದಿರು ಇವರ ಕೈಗೆ ಪೆಟ್ಟಿಗೆ ಕೊಟ್ಟು ಮೇಲೆ ಒಯ್ಯಲು ಹೇಳುತ್ತಿದ್ದರಂತೆ. ಇವರು ಒಯ್ದು, ಕೋಣೆಯಲ್ಲಿಟ್ಟು, ಆಮೇಲೆ ಕೈಕುಲುಕಿ ನಾನು ನಿಮ್ಮ ಮಗಳ ಡೀನ್ ಎನ್ನುತ್ತಿದ್ದರಂತೆ. ಹೇಳುವಾಗ ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನನಗೇ ಬಂತು.

ಅವರು ಎಲ್ಲ ವಿದ್ಯಾರ್ಥಿಗಳ ಡೀನ್. ಆದರೆ ಒಂದು ಬಸ್ಸಿನಲ್ಲಿ ಹಿಡಿಸುವಷ್ಟಿದ್ದ ಕಪ್ಪು ಮಕ್ಕಳ ಮೇಲೆ ಅವರ ಜೀವ ಇತ್ತು. ಪ್ರತಿ ಭಾನುವಾರ ಸಂಜೆ ಊಟದ ಹಾಲಿನ ಮಧ್ಯದ ಮೇಜಿನಲ್ಲಿ ಕೂರುತ್ತಿದ್ದರು. ಯಾರನ್ನೂ ಕರೆಯುತ್ತಿರಲಿಲ್ಲ. ಒಬ್ಬೊಬ್ಬರೇ ತಟ್ಟೆ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ನಾನು ಆ ಮೇಜಿನಲ್ಲಿ ಕೂತು ಅಲಸಂಡೆ ಬೀಜದ ಪದಾರ್ಥ ತಿಂದೆ. ಅದು ನಮ್ಮದೇ ಅಲಸಂಡೆ, ತೆಂಗಿನಕಾಯಿ ಮಾತ್ರ ಇಲ್ಲ.

ಶನಿವಾರದ ಅಡುಗೆಮನೆ

ಆ ಊರಿನಲ್ಲಿ ಕಪ್ಪು ಹುಡುಗಿಯರ ಕೂದಲನ್ನು ನೋಡಿಕೊಳ್ಳಲು ಗೊತ್ತಿರುವ ಪಾರ್ಲರ್ ಒಂದೂ ಇರಲಿಲ್ಲ. ಗಂಟೆಗಟ್ಟಲೆ ಬಸ್ಸಿನಲ್ಲಿ ಹೋಗಬೇಕಿತ್ತು. ಅದಕ್ಕಾಗಿ ಮಿಸ್ ಒಡೆಸಾ ಶನಿವಾರ ತಮ್ಮ ಅಡುಗೆಮನೆ ಬಿಟ್ಟುಕೊಡುತ್ತಿದ್ದರು. ಹುಡುಗಿಯರು ಬಂದು ಒಬ್ಬರ ತಲೆ ಒಬ್ಬರು ತೊಳೆದು, ಎಣ್ಣೆ ಹಚ್ಚಿ, ನೆತ್ತಿಗೆ ಅಂಟಿದ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದರು. ನನಗೆ ನಮ್ಮ ಹಾಸ್ಟೆಲಿನ ಶನಿವಾರ ನೆನಪಾಯಿತು. ಅಲ್ಲಿಯೂ ಹೀಗೆಯೇ ಮೆಟ್ಟಿಲ ಮೇಲೆ ಸಾಲಾಗಿ ಕೂತು ಹೇನು ನೋಡುತ್ತಾರೆ, ಮನೆಯ ಸುದ್ದಿ ಹೇಳುತ್ತಾರೆ.

ನನ್ನ ತೆಂಗಿನೆಣ್ಣೆಗೆ ಒಳ್ಳೆಯ ಗಿರಾಕಿಗಳು ಸಿಕ್ಕರು. ಡೆನೀಸ್ ಎಂಬ ಮೊದಲ ವರ್ಷದ ಹುಡುಗಿ ನನ್ನ ಎದುರು ನೆಲದಲ್ಲಿ ಕೂತು ತಲೆ ಕೊಟ್ಟಳು. ನಾನು ನಮ್ಮ ಅಭ್ಯಾಸದಂತೆ ನೆತ್ತಿಯಿಂದ ಬಾಚಣಿಗೆ ಎಳೆದೆ. ಅದು ಎರಡು ತುಂಡಾಯಿತು. ಇಡೀ ಅಡುಗೆಮನೆ ನಕ್ಕಿತು. ಅಷ್ಟು ದಿನ ನಗದಿದ್ದ ಡೆನೀಸ್ ಕೂಡ ನಕ್ಕಳು, ತುದಿಯಿಂದ ಮೇಲಕ್ಕೆ ಬಾಚುತ್ತ ಹೋಗಬೇಕೆಂದು ತೋರಿಸಿಕೊಟ್ಟಳು.

ತಲೆ ಬಾಚಿಸಿಕೊಳ್ಳುವ ಹುಡುಗಿ ಮುಖ ಕಾಣದಿದ್ದರೆ ಮಾತಾಡುತ್ತಾಳೆ. ಅದು ಮೂಡುಬಿದಿರೆಯಲ್ಲಾದರೂ ಅಷ್ಟೇ, ಒಹಾಯೊದಲ್ಲಾದರೂ ಅಷ್ಟೇ. ಉಳಿದವರು ಚಹಾಕ್ಕೆ ಎದ್ದಾಗ ಡೆನೀಸ್ ತಗ್ಗಿದ ದನಿಯಲ್ಲಿ ಹೇಳುತ್ತ ಹೋದಳು. ಅವಳು ದಕ್ಷಿಣದ ಅಲಬಾಮಾದವಳು, ಅಜ್ಜಿ ಸಾಕಿದ ಮಗು, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಜೊತೆಗಿದ್ದ ಬಿಳಿಯ ಹುಡುಗಿ ಕೋಣೆ ಬದಲಾಯಿಸಿಕೊಂಡು ಹೋಗಿದ್ದಳು. ಅದನ್ನಾದರೂ ಸಹಿಸಬಹುದಿತ್ತು. ಚರಿತ್ರೆಯ ಪ್ರೊಫೆಸರರು ಅವಳ ಪ್ರಬಂಧವನ್ನು ಅಂಕ ಹಾಕದೆ ಹಿಂದಿರುಗಿಸಿ, ಮೇಲೆ ಕೆಂಪು ಶಾಯಿಯಲ್ಲಿ 'ಇದನ್ನು ನೀವೇ ಬರೆದಿರಾ?' ಎಂದು ಕೇಳಿದ್ದರು. ಅವಳು ಉತ್ತರ ಕೊಟ್ಟಿರಲಿಲ್ಲ, ಆ ತರಗತಿಗೆ ಮತ್ತೆ ಹೋಗಿಯೂ ಇರಲಿಲ್ಲ. ಬರುವ ಶುಕ್ರವಾರದ ಬಸ್ಸಿನಲ್ಲಿ ಊರಿಗೆ ಹೋಗುವುದು, ಮತ್ತೆ ಬರುವುದಿಲ್ಲ ಎಂದಳು.

ಒಂದು ಫೋನು

ಮರುದಿನ ಭಾನುವಾರ ಮಿಸ್ ಒಡೆಸಾ ಚರ್ಚಿಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಹುಡುಗಿಯೊಬ್ಬಳು ಕಾಲೇಜು ಬಿಟ್ಟು ಹೋಗುತ್ತಿದ್ದಾಳೆ, ಮನೆಯವರಿಗೆ ಗೊತ್ತಿಲ್ಲ. ನನ್ನ ಹಾಸ್ಟೆಲಿನಲ್ಲಾಗಿದ್ದರೆ ಮೊದಲ ಕೆಲಸ ಯಾವುದೆಂದು ನಾನು ಯೋಚಿಸಬೇಕಾಗಿಯೇ ಇರಲಿಲ್ಲ. ಫ್ರಿಜ್ಜಿನ ಮೇಲೆ ಮಿಸ್ ಒಡೆಸಾ ಅಂಟಿಸಿದ್ದ ಪಟ್ಟಿಯಲ್ಲಿ ಭಾನುವಾರದ ಮೇಜಿನ ಪ್ರತಿ ವಿದ್ಯಾರ್ಥಿಯ ಮನೆಯ ನಂಬರಿತ್ತು. ಡೆನೀಸಳ ಹೆಸರಿನ ಮೇಲೆ ಬೆರಳಿಟ್ಟು ನಂಬರು ಒತ್ತಿದೆ.

ಅಜ್ಜಿಯೇ ಎತ್ತಿದರು. ನನ್ನ ಇಂಗ್ಲಿಷ್ ಅವರಿಗೆ, ಅವರದ್ದು ನನಗೆ, ಎರಡು ಸಲ ಹೇಳಿದ ಮೇಲೆಯೇ ಅರ್ಥವಾದದ್ದು. ನಾನು ಎಲ್ಲ ಹೇಳಿದೆ: ಊಟ ಕಡಿಮೆ, ಕೋಣೆಯಲ್ಲಿ ಒಬ್ಬಳೇ, ಕೆಂಪು ಶಾಯಿ, ಶುಕ್ರವಾರದ ಬಸ್ಸು. ಅಜ್ಜಿ ಬಸ್ಸಿನ ಹೊತ್ತು ಕೇಳಿಕೊಂಡರು. ಆಮೇಲೆ, ಶುಕ್ರವಾರ ನಾನು ಅಲ್ಲಿರುತ್ತೇನೆ ಎಂದು ಹೇಳಿ ಇಟ್ಟರು. ನನಗೆ ಕರ್ತವ್ಯ ಮುಗಿಸಿದ ನೆಮ್ಮದಿ.

ಚರ್ಚಿನಿಂದ ಬಂದ ಮಿಸ್ ಒಡೆಸಾಗೆ ಬಾಗಿಲಲ್ಲೇ ಹೇಳಿದೆ, ಒಳ್ಳೆಯ ಸುದ್ದಿ ಹೇಳುವ ಹಾಗೆ. ಅವರು ಟೋಪಿ ಕೂಡ ತೆಗೆಯದೆ ಕುರ್ಚಿಯಲ್ಲಿ ಕೂತರು. ಅವರ ದನಿ ಏರಲಿಲ್ಲ. ಹದಿನೆಂಟು ದಾಟಿದವರ ವಿಷಯವನ್ನು ಅವರನ್ನು ಕೇಳದೆ ಕಾಲೇಜಿನ ಕಡೆಯವರು ಮನೆಗೆ ತಿಳಿಸುವುದು ಅಲ್ಲಿ ಕಾನೂನಿಗೇ ವಿರುದ್ಧವಂತೆ. ನಂಬರು ಅವರ ಫ್ರಿಜ್ಜಿನದು, ಅತಿಥಿ ಅವರ ಮನೆಯವಳು. ಆದರೆ ಅವರಿಗೆ ನೋವಾದದ್ದು ಕಾನೂನಿನ ವಿಷಯಕ್ಕಲ್ಲ.

"ಆ ಮಗು ಪ್ರತಿ ವಾರ ಅಜ್ಜಿಗೆ ಫೋನು ಮಾಡಿ 'ಚೆನ್ನಾಗಿದ್ದೇನೆ' ಅಂತ ಹೇಳ್ತದೆ" ಎಂದರು. "ಅದು ಸುಳ್ಳು ಅಂತ ನನಗೆ ಗೊತ್ತುಂಟು. ಆದರೆ ಆ ಸುಳ್ಳು ಅವಳದ್ದು. ಅದನ್ನು ಯಾವಾಗ ಬಿಡ್ಬೇಕು ಅಂತ ಅವಳೇ ಹೇಳ್ಬೇಕಿತ್ತು."

ಯಾರಿಗೂ ಹೇಳಬೇಡಿ ಎಂದು ಅವಳೇನೂ ಅನ್ನಲಿಲ್ಲವಲ್ಲ ಎಂದು ನಾನು ವಾದಿಸಿದೆ. ನಿಮ್ಮ ಕೈಗೆ ತಲೆ ಕೊಟ್ಟು ಕೂತವಳು ಅದನ್ನು ಬೇರೆ ಹೇಳಬೇಕೇ ಎಂದು ಅವರು ಕೇಳಿದರು. ನಮ್ಮ ಕಡೆ ಕ್ರಮ ಹೀಗೆಯೇ, ನಾನು ಇಷ್ಟು ವರ್ಷದಿಂದ ಮನೆಗಳಿಗೆ ಕಾಗದ ಬರೆಯುತ್ತಿದ್ದೇನೆ, ಎಷ್ಟೋ ಹುಡುಗಿಯರು ಅದರಿಂದ ಸರಿದಾರಿಗೆ ಬಂದಿದ್ದಾರೆ ಎಂದು ಹೇಳುತ್ತ ಹೋದೆ. ಹೇಳುತ್ತಿದ್ದಂತೆಯೇ ಮೈಮೂನಾಳ ಹೆಸರು ಬಾಯಿಗೆ ಬಂತು.

ಮೈಮೂನಾ ಕನ್ಯಾನದ ಹುಡುಗಿ, ಕರಾವಳಿಯ ಮುಸ್ಲಿಮರಾದ ನಮ್ಮದೇ ಬ್ಯಾರಿ ಸಮುದಾಯದವಳು. ಬಿ.ಎ. ಕೊನೆಯ ವರ್ಷ, ಪರೀಕ್ಷೆಗೆ ಮೂರು ತಿಂಗಳಿತ್ತು. ಅವಳನ್ನು ಎರಡು ಸಲ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನ ಜೊತೆ ನಾನೇ ನೋಡಿದೆ. ಗಲ್ಫಿನ ದಮ್ಮಾಮಿನಲ್ಲಿ ಕೆಲಸಕ್ಕಿದ್ದ ಅವಳ ತಂದೆಗೆ ಏರೋಗ್ರಾಮ್ ಕಾಗದ ಬರೆದೆ, ತಮ್ಮ ಗಮನಕ್ಕೆ ತರುತ್ತಿದ್ದೇನೆ ಎಂದು ನಾಲ್ಕೇ ಸಾಲು. ತಿಂಗಳೊಳಗೆ ಅವಳ ಚಿಕ್ಕಪ್ಪ ಜೀಪಿನಲ್ಲಿ ಬಂದು ಟ್ರಂಕು ಹೊತ್ತುಕೊಂಡು ಹೋದರು. ಆಮೇಲೆ ಮದುವೆಯಾಯಿತೆಂದು ಕೇಳಿದೆ. ಪರೀಕ್ಷೆ ಬರೆಯಲಿಲ್ಲ. ಇದಾಗಿ ಹತ್ತು ವರ್ಷ. ಇಷ್ಟನ್ನೂ ಮಿಸ್ ಒಡೆಸಾ ಅಡ್ಡ ಮಾತಾಡದೆ ಕೇಳಿದರು.

"ಆ ಹುಡುಗನ ಹತ್ತಿರ ಅವಳು ಏನು ಮಾತಾಡ್ತಿದ್ದಳು?"

"ಗೊತ್ತಿಲ್ಲ."

"ನೀವು ಕೇಳ್ಲಿಲ್ವಾ?"

ನಾನು ಕೇಳಿರಲಿಲ್ಲ. ಊರಿಗೆಲ್ಲ ಸಿ.ಐ.ಡಿ. ಆಗಿದ್ದ ನಾನು ಆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಹತ್ತು ವರ್ಷದಲ್ಲಿ ಅದು ನನಗೆ ಹೊಳೆದೂ ಇರಲಿಲ್ಲ. ನನಗೆ ಅಳು ಬಂತು. ಮಿಸ್ ಒಡೆಸಾ ಎದ್ದು ಟೋಪಿ ತೆಗೆದಿಟ್ಟು ಚಹಾಕ್ಕೆ ನೀರಿಟ್ಟರು. ಪರವಾಗಿಲ್ಲ ಎನ್ನಲಿಲ್ಲ. ಹಾಗೆ ಅನ್ನದೆ ಇದ್ದುದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಗೌರವ.

ಚಹಾ ಕುಡಿದು ಇಬ್ಬರೂ ಡೆನೀಸಳ ಕೋಣೆಗೆ ಹೋದೆವು. ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಡೆನೀಸ್ ನನ್ನನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡಳು. ಮರುದಿನ ಮಿಸ್ ಒಡೆಸಾ ತಮ್ಮ ಮೇಲಧಿಕಾರಿಯ ಬಳಿಗೆ ತಾವಾಗಿ ಹೋಗಿ, ತಪ್ಪು ತಮ್ಮ ಮನೆಯಲ್ಲಿ ನಡೆದಿದೆ, ಹೊಣೆ ತಮ್ಮದು ಎಂದು ಬರೆದುಕೊಟ್ಟು ಬಂದರು.

ಬಸ್ ನಿಲ್ದಾಣ

ಡೆನೀಸಳ ನಿರ್ಧಾರ ಬದಲಾಗಲಿಲ್ಲ. ಅಜ್ಜಿ ಬರುವ ಬಸ್ಸೇ ಅರ್ಧ ಗಂಟೆ ನಿಂತು ಹಿಂದಕ್ಕೆ ಹೋಗುತ್ತಿತ್ತು. ಅದರಲ್ಲೇ ಅಜ್ಜಿಯನ್ನು ಕರೆದುಕೊಂಡು ಹೋಗುವುದೆಂದು ಸೂಟ್‌ಕೇಸ್ ಕಟ್ಟಿದಳು.

ಬಿಟ್ಟು ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆ ಬಸ್ ನಿಲ್ದಾಣಕ್ಕೆ ಹೋಗುವುದು ಮಿಸ್ ಒಡೆಸಾರ ಪದ್ಧತಿ. ಹೋಗಬೇಡ ಎನ್ನುವುದಿಲ್ಲ. ಸೂಟ್‌ಕೇಸಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ, ಬಸ್ಸು ಕಾಣದಾಗುವವರೆಗೆ ಇರುತ್ತಾರೆ. ಕೆಲವರು ಮನಸ್ಸು ಬದಲಾಯಿಸಿದ್ದಾರೆ, ಹೆಚ್ಚಿನವರು ಹೋಗಿದ್ದಾರೆ. ಹೋದವರಲ್ಲಿ ಇಬ್ಬರು ವರ್ಷಗಳ ಮೇಲೆ ತಿರುಗಿ ಬಂದರಂತೆ, ತಮ್ಮ ಜೊತೆ ಒಬ್ಬರು ಕೂತಿದ್ದರೆಂದು ನೆನಪಿಟ್ಟುಕೊಂಡು.

ಆ ಶುಕ್ರವಾರ ಡೆನೀಸಳ ಒಂದು ಪಕ್ಕ ಅವರು ಕೂತರು. ಇನ್ನೊಂದು ಪಕ್ಕ ಕೂರುವ ಧೈರ್ಯ ಸಾಲದೆ ನಾನು ತಂಪು ಪಾನೀಯದ ಯಂತ್ರದ ಹತ್ತಿರ ನಿಂತೆ. ನನ್ನ ಊಹೆಯಲ್ಲಿ ಎರಡೇ ದಾರಿಯಿದ್ದವು: ಅಜ್ಜಿ ಬೈದು ಇರಿಸಿ ಹೋಗುತ್ತಾರೆ, ಇಲ್ಲವೇ ಅತ್ತು ಕರೆದೊಯ್ಯುತ್ತಾರೆ. ಹಾಸ್ಟೆಲಿಗೆ ಬಂದ ಮನೆಯವರು ಬೇರೆ ಏನನ್ನಾದರೂ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಬಸ್ಸು ಬಂತು. ನೀಲಿ ಟೋಪಿಯ ಸಣ್ಣಗಿನ ಮುದುಕಿ ಇಳಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ದಾರ ಕಟ್ಟಿದ ಷೂ ಪೆಟ್ಟಿಗೆ. ಅದರೊಳಗೆ ಕರಿದ ಕೋಳಿ ಇತ್ತು. ಹಿಂದಿನ ಕಾಲದಲ್ಲಿ ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ, ಹಾಗಾಗಿ ಷೂ ಪೆಟ್ಟಿಗೆಯಲ್ಲಿ ಬುತ್ತಿ ಕಟ್ಟುವ ಅಭ್ಯಾಸ. ಹೋಟೆಲುಗಳ ಬಾಗಿಲು ತೆರೆದು ದಶಕಗಳಾದರೂ ಅಜ್ಜಿಗೆ ಅವುಗಳ ಮೇಲೆ ನಂಬಿಕೆ ಬಂದಿರಲಿಲ್ಲ.

ಅಜ್ಜಿ ಸೂಟ್‌ಕೇಸನ್ನು ನೋಡಿದರು, ಮೊಮ್ಮಗಳನ್ನು ನೋಡಿದರು.

"ನಾನು ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೂ ಬರ್ಲಿಲ್ಲ, ಇಲ್ಲಿಯೇ ಇರು ಅಂತ ಹೇಳ್ಲಿಕ್ಕೂ ಬರ್ಲಿಲ್ಲ" ಎಂದರು. "ಒಂದು ದಿನ ಒಂದು ರಾತ್ರಿ ಕೂತು ಬಂದಿದ್ದೇನೆ. ನೀನು ಮಲಗುವ ಕೋಣೆ ನೋಡ್ಬೇಕು ನನಗೆ. ನೋಡಿದ ಮೇಲೆ, ನಿನಗೆ ಬೇಕು ಅಂತಾದ್ರೆ, ಒಟ್ಟಿಗೆ ಹೋಗುವ."

ಡೆನೀಸ್ ಅಜ್ಜಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತಳು. ಚಾಲಕ ಎರಡು ಸಲ ಕರೆದ. ಬಸ್ಸು ಖಾಲಿಯಾಗಿಯೇ ಹೊರಟಿತು.

ಕೋಣೆ ನೋಡಿಯಾಯಿತು. ಹಾಸಿಗೆ ಒತ್ತಿ ನೋಡಿ, ಕಿಟಕಿ ತೆರೆದು ನೋಡಿ, ಗಾಳಿ ಚೆನ್ನಾಗುಂಟು ಎಂದರು. ಆಮೇಲೆ ಮಿಸ್ ಒಡೆಸಾರ ಅಡುಗೆಮನೆಯಲ್ಲಿ ಕೂತು, ಕೆಂಪು ಶಾಯಿಯ ಪ್ರಬಂಧ ಓದಿ ಹೇಳು ಎಂದರು. ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೇ. ಡೆನೀಸ್ ಓದಿದಳು. ಅದು ಅಜ್ಜಿಯ ಬಗ್ಗೆಯೇ ಇತ್ತು. ಮೂವತ್ತು ವರ್ಷ ಒಂದು ಹೋಟೆಲಿನ ಲಾಂಡ್ರಿಯಲ್ಲಿ, ತಾವು ಒಳಗೆ ಕಾಲಿಡಲಾಗದ ಕೋಣೆಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದ ಹೆಂಗಸರ ಚರಿತ್ರೆ. ಚರಿತ್ರೆ ಪಾಠ ಮಾಡುವವಳಾಗಿ ಹೇಳುತ್ತೇನೆ, ಅಂಥ ಬರಹ ನನ್ನ ತರಗತಿಯಲ್ಲಿ ಎಂದೂ ಬಂದಿರಲಿಲ್ಲ.

ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಇಸ್ತ್ರಿಪೆಟ್ಟಿಗೆಯ ಬಿಸಿ ನೋಡ್ಲಿಕ್ಕೆ ನಾವು ನೀರು ಚಿಮುಕಿಸ್ತಿದ್ದೆವು ಅಂತ ಬರ್ದಿದ್ದೀ. ಇಲ್ಲ. ಕೆನ್ನೆಯ ಹತ್ತಿರ ಹಿಡೀತಿದ್ದೆವು. ಅದೊಂದು ತಪ್ಪು, ಉಳಿದದ್ದು ಸರಿ" ಎಂದರು. ಡೆನೀಸ್ ಪೆನ್ಸಿಲಿನಿಂದ ತಿದ್ದಿದಳು. ತಿದ್ದಿ ಮುಗಿಸಿ, ಸೋಮವಾರ ಪ್ರೊಫೆಸರರ ಹತ್ತಿರ ಹೋಗುತ್ತೇನೆ ಎಂದಳು. ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ.

ಕಾರಿಡಾರಿನ ಬೆಂಚು

ಪ್ರೊಫೆಸರರ ಕೋಣೆಯ ಎದುರು ಮಿಸ್ ಒಡೆಸಾ ಡೆನೀಸಳನ್ನು ಕೇಳಿದ್ದು ಒಂದೇ ಪ್ರಶ್ನೆ.

"ನಾನು ಒಳಗೆ ಬರ್ಬೇಕಾ, ಹೊರಗೆ ಕೂರ್ಬೇಕಾ?"

"ಹೊರಗೆ" ಎಂದಳು ಡೆನೀಸ್.

ಅವರು ಕೋಟು ತೆಗೆಯದೆ, ಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ, ಸೀರೆಯ ಕೆಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು. ಹತ್ತು ನಿಮಿಷವಾದ ಮೇಲೆ ನನಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲಿಗೆ ಕಿವಿ ಕೊಡಲು ಹೋದೆ. ಅವರು ನನ್ನ ಸೆರಗು ಹಿಡಿದು ಮೆಲ್ಲಗೆ ಕೂರಿಸಿದರು. ನಾಚಿಕೆಯಾಯಿತು.

ಸಮಯ ಕಳೆಯಲು ಕೇಳಿದೆ, ನೀವು ಮೊದಲು ಬಂದಾಗ ನಿಮಗಾಗಿ ಯಾರು ಹೊರಗೆ ಕೂತಿದ್ದರು ಎಂದು. ಅವರು ಸ್ವಲ್ಪ ಯೋಚಿಸಿ ಒಬ್ಬ ಅಡುಗೆಯವರ ಕತೆ ಹೇಳಿದರು. ಸ್ಟಾಫ್ ಊಟದ ಕೋಣೆಗೆ ಮೊದಲ ದಿನ ಹೋದಾಗ ಇವರ ಮೇಜಿಗೆ ಯಾರೂ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಮುದುಕ, ಕಪ್ಪು ಮನುಷ್ಯ, ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಇವರು ಊಟ ಮುಗಿಸುವವರೆಗೂ ನಿಂತೇ ಇದ್ದ. ಮರುದಿನವೂ ಹಾಗೆಯೇ. ಅವನು ನಿವೃತ್ತನಾಗುವವರೆಗೆ ಎರಡು ವರ್ಷ ದಿನವೂ ನಿಂತ. ಒಂದು ಮಾತೂ ಆಡಿದವನಲ್ಲ. ತಮಗೆ ಈ ಕೆಲಸ ಕಲಿಸಿದ್ದು ಅವನೇ ಎಂದರು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಪ್ರೊಫೆಸರರು ಸಾಲು ಸಾಲಾಗಿ ಪ್ರಶ್ನೆ ಕೇಳಿದರಂತೆ, ಡೆನೀಸ್ ಉತ್ತರಿಸುತ್ತ ಹೋದಳಂತೆ. ಕೆನ್ನೆಯ ಹತ್ತಿರ ಹಿಡಿಯುವ ಇಸ್ತ್ರಿಪೆಟ್ಟಿಗೆಯ ಮಾತು ಬಂದಾಗ ಅವರು ಪೆನ್ನು ಕೆಳಗಿಟ್ಟರಂತೆ. ಕೆಂಪು ಪ್ರಶ್ನೆಯನ್ನು ಹೊಡೆದುಹಾಕಿ ಒಳ್ಳೆಯ ಅಂಕ ಕೊಟ್ಟಿದ್ದರು. ಕ್ಷಮೆ ಮಾತ್ರ ಕೇಳಿರಲಿಲ್ಲ.

"ಕೇಳ್ಬೇಕು ಅಂತ ನಿನಗೆ ಉಂಟಾ?" ಎಂದರು ಮಿಸ್ ಒಡೆಸಾ.

"ಉಂಟು."

"ಹಾಗಾದ್ರೆ ನಾಳೆ ನಾನೂ ಒಳಗೆ ಬರ್ತೇನೆ."

ಮರುದಿನ ಇಬ್ಬರೂ ಒಳಗೆ ಹೋದರು, ನಾನೊಬ್ಬಳೇ ಬೆಂಚಿನ ಮೇಲೆ. ಕಿವಿ ಕೊಡಲಿಲ್ಲ. ಮೂರು ದಿನದ ಮೇಲೆ ಪ್ರೊಫೆಸರರ ಸಹಿಯಿದ್ದ ಕ್ಷಮಾಪಣೆಯ ಕಾಗದ ಡೆನೀಸಳ ಹೆಸರಿಗೆ ಬಂತು. ಅವಳು ಅದನ್ನು ಎರಡು ಸಲ ಓದಿ ಪುಸ್ತಕದೊಳಗಿಟ್ಟಳು. ಅಜ್ಜಿ ಅಷ್ಟರಲ್ಲಿ ಒಬ್ಬರೇ ಊರಿಗೆ ಹೊರಟಿದ್ದರು. ಕ್ರಿಸ್‌ಮಸ್ ವರೆಗೆ ಇದ್ದು ನೋಡುತ್ತೇನೆ ಎಂದು ಡೆನೀಸ್ ಅವರಿಗೆ ಮಾತು ಕೊಟ್ಟಿದ್ದಳು. ಮುಂ​ದೆ ನಾಲ್ಕು ವರ್ಷವೂ ಮುಗಿಸಿದಳು, ಈಗ ಅವಳೇ ಪಾಠ ಮಾಡುತ್ತಾಳೆ.

ನಾನು ಹೊರಡುವ ಹಿಂದಿನ ಶನಿವಾರ ಅವಳು ಅಡುಗೆಮನೆಗೆ ಬಂದಳು. ಆ ಫೋನಿನ ನಂತರ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಬಂದವಳು ನನ್ನ ಎದುರು ನೆಲದಲ್ಲಿ ಕೂತು ತಲೆ ಬಗ್ಗಿಸಿದಳು. ನಾನು ತುದಿಯಿಂದ ಮೇಲಕ್ಕೆ ಬಾಚುತ್ತ ಹೋದೆ. ಅವಳು ಆ ದಿನ ಏನೇನು ಹೇಳಿದಳೆಂದು ನಾನು ಮಿಸ್ ಒಡೆಸಾಗೂ ಹೇಳಲಿಲ್ಲ.

ಕನ್ಯಾನ

ಊರಿಗೆ ಬಂದು ಹದಿನೈದು ದಿನ ಬರೀ ಹೇಳಿದ್ದೇ ಹೇಳಿದ್ದು. ಅತ್ತೆಗೆ ಸಿಗಡಿಯ ಗತಿ ಹೇಳಲು ಮಾತ್ರ ಮನಸ್ಸು ಬರಲಿಲ್ಲ, ಎಲ್ಲರೂ ಚಪ್ಪರಿಸಿ ತಿಂದರು ಎಂದೆ. ಆಮೇಲೆ ಒಂದು ಭಾನುವಾರ ಬಂಟ್ವಾಳದಿಂದ ವಿಟ್ಲಕ್ಕೆ, ವಿಟ್ಲದಿಂದ ಕನ್ಯಾನಕ್ಕೆ ಬಸ್ಸು ಹತ್ತಿದೆ. ಅಮೆರಿಕದ ವಿಮಾನಕ್ಕೆ ಕೂಡ ನಾನು ಅಷ್ಟು ಹೆದರಿರಲಿಲ್ಲ. ಈ ದಾರಿ ಹತ್ತು ವರ್ಷದಿಂದ ಮನೆಯ ಹತ್ತಿರವೇ ಇತ್ತು, ನಾನು ಹೋಗಿರಲಿಲ್ಲ ಅಷ್ಟೇ.

ಮೈಮೂನಾ ನನ್ನನ್ನು ಕಂಡು ತಲೆಯ ಬಟ್ಟೆ ಸರಿಮಾಡಿಕೊಂಡು ಎದ್ದು ನಿಂತಳು, ಹಾಸ್ಟೆಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಸ್ವಲ್ಪ ದಪ್ಪಗಾಗಿದ್ದಳು. ಚಾಪೆ ಹಾಕಿ, ಎಳನೀರಿನ ಬೊಂಡ ಕೆತ್ತಿ ತಂದುಕೊಟ್ಟಳು. ನಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡಬಹುದಿತ್ತು. ಅವಳು ಮಾತ್ರ ಹಳೆಯ ಅಭ್ಯಾಸದಂತೆ ನನ್ನೊಡನೆ ಕನ್ನಡವನ್ನೇ ಹಿಡಿದಳು. ನಾನು ಬಂದ ಕಾರಣ ಹೇಳಿದೆ. ಆ ಏರೋಗ್ರಾಮ್ ಬರೆಯುವ ಮೊದಲು ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ನನ್ನದು ಎಂದೆ. ಆ ಹುಡುಗನ ಹತ್ತಿರ ಏನು ಮಾತಾಡುತ್ತಿದ್ದಿ ಎಂದು ಹತ್ತು ವರ್ಷ ತಡವಾಗಿ ಕೇಳಿದೆ.

ಅವಳು ಚಾಪೆಯ ಅಂಚನ್ನು ನೇರ ಮಾಡಿದಳು.

"ಬಿ.ಎಡ್. ಅರ್ಜಿ ಟೀಚರ್" ಎಂದಳು. "ಅವನು ಮಂಗಳೂರಿನಿಂದ ಫಾರಂ ತಂದು ಕೊಟ್ಟ, ತುಂಬಿಸಿ ಕೊಟ್ಟದ್ದನ್ನು ತಕ್ಕೊಂಡು ಹೋದ. ಅಷ್ಟೇ. ನಮ್ಮನ್ನು ಮಂಗಳೂರಿಗೆ ಹೋಗ್ಲಿಕ್ಕೆ ನೀವು ಬಿಡ್ತಿರ್ಲಿಲ್ಲ ಅಲ್ವಾ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ನಿಯಮ ಮಾಡಿದವಳು ನಾನೇ. ಕೈಯಲ್ಲಿದ್ದ ಬೊಂಡವನ್ನು ಕೆಳಗಿಟ್ಟೆ. ಪರೀಕ್ಷೆಗೆ ಹೊರಗಿನಿಂದ ಕಟ್ಟಬಹುದು, ಫಾರಂ ನಾನು ತರಿಸುತ್ತೇನೆ ಎಂದು ಹೇಳಹೊರಟವಳು ಅಲ್ಲೇ ನಿಲ್ಲಿಸಿ, ನಿನಗೆ ಈಗ ಏನು ಬೇಕು ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದಳು. ಮುಂದಿನ ವರ್ಷ, ಪರೀಕ್ಷೆ ಬರೆಯಬೇಕು ಎಂದು ಅವಳೇ ಕಾಗದ ಬರೆದು ಹೇಳಿದಳು. ಪರೀಕ್ಷೆ ಕಟ್ಟಿದಳು, ಪಾಸಾದಳು.

ನಾನು ಹೊರಡಲು ಎದ್ದಾಗ ಜಗಲಿಯಲ್ಲಿ ಅವಳ ಮಗಳು ಸ್ಲೇಟು ಹಿಡಿದು ಕೂತಿದ್ದಳು, ಮೂರನೆಯ ತರಗತಿಯ ಹುಡುಗಿ. ಮೈಮೂನಾ ಅವಳನ್ನು ತೋರಿಸಿದಳು.

"ಇವಳು ದೊಡ್ಡವಳಾದ ಮೇಲೆ ನಿಮ್ಮ ಹಾಸ್ಟೆಲಿಗೇ ಕಳಿಸ್ತೇನೆ. ಏನೇ ವಿಷಯ ಇರ್ಲಿ, ನನಗೆ ಕಾಗದ ಬರೀಬೇಡಿ ಟೀಚರ್. ಮೊದಲು ಅವಳನ್ನು ಕೇಳಿ."

ನಾನು ಜಗಲಿಯ ಅಂಚಿನಲ್ಲಿ ಆ ಹುಡುಗಿಯ ಪಕ್ಕ ಕೂತು, ದೊಡ್ಡವಳಾಗಿ ಏನು ಮಾಡಬೇಕೆಂದು ಉಂಟು ಎಂದು ಕೇಳಿದೆ. ಅವಳು ತಾಯಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಹೇಳಿದಳು. ಮಿಸ್ ಒಡೆಸಾ, ಡೆನೀಸ್, ಮೈಮೂನಾ, ಮೂವರನ್ನೂ ಕೇಳಿಯೇ ಇಷ್ಟನ್ನು ಬರೆದಿದ್ದೇನೆ. ಆ ಹುಡುಗಿ ಹೇಳಿದ್ದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವಳನ್ನು ಇನ್ನೂ ಕೇಳಿಲ್ಲ.